ಟೈರಿನ ಅಂಚು

ಸಿದ್ದಾಪುರದ ಗ್ಯಾರೇಜಿನಲ್ಲಿ, ಗುರುವಾರ ರಾತ್ರಿ,
ಟಿವಿ ಪೆಟ್ಟಿಗೆಯ ರಟ್ಟು ಬಿಚ್ಚಿ ಹಾಸಿ
ಸುಟ್ಟ ಆಯಿಲಿನಲ್ಲಿ ಬೆರಳದ್ದಿ
ಇಲಿಯಾಸ್ ಮೂರು ಟ್ರ್ಯಾಕು ಬರೆದ.

ಕೊಯಮತ್ತೂರು: ಬಗ್ಗಿಸಿದ ಹೇರ್‌ಪಿನ್ನು,
ಉಸಿರು ಬಿಡುವ ಮೊದಲೇ ಇನ್ನೊಂದು ತಿರುವು.
ಚೆನ್ನೈಗೆ ಮುಂಚೆ ಶ್ರೀಪೆರಂಬದೂರು:
ಬೆಳಿಗ್ಗೆ ಹತ್ತಕ್ಕೇ ಟಾರು ಕಾದ ಕಾವಲಿ.
ಮೂರನೆಯದು ರಟ್ಟಿನಲ್ಲಿ ಹಿಡಿಸದೆ
ನೆಲಕ್ಕಿಳಿಯಿತು. ನೋಯ್ಡಾ.

ಮುದ್ದಪ್ಪನಿಗೆ ನೋಯ್ಡಾವೇ ಬೇಕು.
"ಆರನೇ ಗೇರು ಹಾಕಿದ ಮೇಲೂ
ಅಲ್ಲಿ ರಸ್ತೆ ಉಳಿದಿರುತ್ತೆ ಕಣ್ರೋ.
ಬೆಂಗಳೂರಲ್ಲಿ ಆರನೇ ಗೇರು ಕಂಡೋರು ಯಾರು?"
ಬೈಕಿಗೆ ರೈಲು, ತನಗೆ ಆರು ದಿನ ರಜೆ,
ಎಲ್ಲಾ ಲೆಕ್ಕ ಹಾಕಿದ್ದಾನೆ, ದುಡ್ಡೊಂದು ಬಿಟ್ಟು.
ಕಾಕ್ಸ್‌ಟೌನಿನ ತಂಗರಾಜು ಕೊಯಮತ್ತೂರು ಎಂದ.
ಕ್ಯಾಂಬರು, ಲೈನು, ಬ್ರೇಕಿನ ಗುರುತು
ಎಂದೆಲ್ಲ ಒಂದಿಷ್ಟು ಹೊತ್ತು ಹೇಳಿ
ಕೊನೆಗೆ ಒಪ್ಪಿಕೊಂಡ:
ಅಲ್ಲಿ ಸೋದರತ್ತೆ ಮನೆ. ಮೀನು ಸಾರು.

ನಾನು ಪಾಲಿಕೆಯ ರಸ್ತೆ ವಿಭಾಗದವಳು.
ಹಗಲಿಡೀ ಹಂಪುಗಳಿಗೆ ಸಹಿ ಹಾಕುತ್ತೇನೆ,
ಶಾಲೆಯ ಮುಂದೊಂದು, ಗುಡಿಯ ಮುಂದೊಂದು,
ಮಾಜಿ ಕಾರ್ಪೊರೇಟರ ಮನೆಯ ಮುಂದೆ ಎರಡು.
ಈ ಊರನ್ನು ನಿಧಾನ ಮಾಡಿದವರಲ್ಲಿ
ನನ್ನ ಪಾಲೂ ಇದೆ, ಕಡತದ ಸಂಖ್ಯೆ ಸಮೇತ.
ಇವರಿಗೆ ಹೇಳಿಲ್ಲ.

ಇಲಿಯಾಸ್ ನನ್ನ ಟೈರಿಗೆ ಉಗುರು ಒತ್ತಿದ.
"ನೋಡಿ ಮೇಡಂ, ನಡು ಬೋಳಾಗಿದೆ.
ಅಂಚಲ್ಲಿ ಎರಡು ಬೆರಳಗಲ
ಇನ್ನೂ ಅಂಗಡಿಯ ಹೊಸತು,
ರಬ್ಬರಿನ ಕೂದಲೂ ಉದುರಿಲ್ಲ."
ಹೊಸೂರು ರಸ್ತೆ, ವರ್ತುಲ ರಸ್ತೆ,
ಸಿಗ್ನಲಿನಿಂದ ಸಿಗ್ನಲಿಗೆ
ನೆಟ್ಟಗೇ ಸವೆದ ಮೂರು ವರ್ಷ.
ಬಾಗದೆಯೂ ಸವೆಯಬಹುದೆಂದು
ಅವನ ಉಗುರು ತೋರಿಸುವವರೆಗೆ ಗೊತ್ತಿರಲಿಲ್ಲ.

ಆಮೇಲೆ ಕೇಳಿದ: "ಬಿದ್ದರೆ?"

ಸ್ಪ್ಯಾನರು ಇಟ್ಟ ಸದ್ದು.

"ಎಷ್ಟು ಜೋರು ಹೋಗಬಹುದು ಅಂತ ಎಲ್ಲರೂ ಕೇಳ್ತಾರೆ.
ಬಿದ್ದ ಮೇಲೆ ಎಷ್ಟು ದೂರ ಜಾರಬಹುದು, ಅದನ್ನ ಕೇಳಿ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ,
ಜಾರೋದಕ್ಕೂ ಹಾಸಿಗೆ ಬೇಕು."

ಅವನ ಎಡ ಮಂಡಿಯಲ್ಲಿ ಉಕ್ಕಿದೆ.
ನಂದಿ ದಾರಿ, ಭಾನುವಾರ, ನಸುಕು, ಹಾಲಿನ ವ್ಯಾನು.
ಅಂದಿನಿಂದ, ನಂದಿಗೆ ಹೊರಟ ಬೈಕಿಗೆ
ಅವನು ಚೈನು ಬಿಗಿಯುವುದಿಲ್ಲ.

ಮತ್ತೆ ಬೆರಳದ್ದಿ
ಒಂದೊಂದು ತಿರುವಿನ ಹೊರಗೂ ಚುಕ್ಕಿ ಇಡತೊಡಗಿದ:
ಇದು ಹುಲ್ಲು, ಇದು ಜಲ್ಲಿ, ಇಲ್ಲಿ ಟೈರಿನ ಗೋಡೆ.
ನಾನು ಮನಸ್ಸಿನಲ್ಲೇ ನಮ್ಮ ರಸ್ತೆಗಳಿಗೂ
ಚುಕ್ಕಿ ಇಟ್ಟು ನೋಡಿದೆ.
ಡಿವೈಡರು. ಟ್ರಾನ್ಸ್‌ಫಾರ್ಮರು. ಬಾಯ್ದೆರೆದ ಮೋರಿ.
ಎಳನೀರಿನ ಗಾಡಿ, ಅದರ ಹಿಂದೆ ಮಗು.
ಒಂದು ಚುಕ್ಕಿಗೂ ಜಾಗ ಸಿಗಲಿಲ್ಲ.

ಕೊನೆಗೆ ಶ್ರೀಪೆರಂಬದೂರು ಎಂದಾಯಿತು,
ಒಂದೇ ರಾತ್ರಿಯ ಡೀಸೆಲ್ಲು.
ನೆಲದ ಮೇಲಿನ ನೋಯ್ಡಾವನ್ನು
ಮುದ್ದಪ್ಪ ತಾನೇ ಒರೆಸಿದ, ಹಳೆ ಬನಿಯನ್ನಿನಲ್ಲಿ.

ಶುಕ್ರವಾರ ಹೆಡ್‌ಲೈಟಿಗೆ ಟೇಪು ಸುತ್ತಿದೆವು,
ಹಾರ್ನಿನ ವೈರು ಕಿತ್ತೆವು.
ಕನ್ನಡಿ ಬಿಚ್ಚುವಾಗ ಮಾತ್ರ ನನ್ನ ಕೈ ತಡೆಯಿತು.
"ಹಿಂದಿನವರು ನಿಮ್ಮನ್ನ ನೋಡ್ಕೋತಾರೆ,
ನೀವು ಮುಂದಿನವರನ್ನ ನೋಡಿ. ಅಲ್ಲಿ ಅದೇ ಕಾನೂನು,"
ಎಂದು ಇಲಿಯಾಸ್ ಎರಡೂ ಕನ್ನಡಿಗಳನ್ನು
ದಿನಪತ್ರಿಕೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟ.

ರಾತ್ರಿ ಒಂದಕ್ಕೆ ಟಾಟಾ ಏಸ್ ಹೊರಟಿತು,
ಹಿಂದೆ ಹಗ್ಗ ಬಿಗಿದ ಮೂರು ಬೈಕು,
ಮುಂದೆ ನಾವು, ಒಬ್ಬರ ತೊಡೆಯ ಮೇಲೊಬ್ಬರ ಹೆಲ್ಮೆಟ್ಟು.
ವಿಲ್ಸನ್ ಗಾರ್ಡನ್ನಿನ ಅಡ್ಡರಸ್ತೆಯೊಂದರಲ್ಲಿ
ಗಾಡಿ ಎಗರಿ ಬಿತ್ತು.
ತಂಗರಾಜು ಕತ್ತು ಹೊರಗೆ ಹಾಕಿ
ಹಂಪು ಹಾಕಿಸಿದವರ ವಂಶವನ್ನೆಲ್ಲ ಬೈದ.

ನಾನೂ ಒಂದೆರಡು ಮಾತು ಸೇರಿಸಿದೆ.